ದೋಹಾದಲ್ಲಿ ಕೂಡಿಬಂದ ಹಿತ್ತಾಳೆ ಸಂಬಂಧ

ವಿಮಾನ ನಿಲ್ದಾಣ

ಮೈಸೂರಿನ ನಮ್ಮ ಬಡಾವಣೆಯಲ್ಲಿ ನನ್ನ ಹೆಸರು ಎರಡು ಕಾರಣಕ್ಕೆ ಚಾಲ್ತಿಯಲ್ಲಿದೆ. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರನ್ನು ಕೈಗೆ ಕೋಡುಬಳೆ, ಕೊಬ್ಬರಿ ಮಿಠಾಯಿ ಇಡದೆ ಕಳಿಸುವವಳಲ್ಲ ಎನ್ನುವುದು ಒಂದು. ಇನ್ನೊಂದು, ಗಂಡು-ಹೆಣ್ಣು ಜೋಡಿಸುವ ನನ್ನ ಚಟ. ಯಾರ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ, ಯಾರ ಮನೆಯ ಹುಡುಗನಿಗೆ ಕೆಲಸ ಖಾಯಂ ಆಯಿತು ಎಂಬುದೆಲ್ಲ ನನ್ನ ನಾಲಿಗೆಯ ತುದಿಯಲ್ಲಿರುತ್ತದೆ. "ನಿನ್ನ ಕಣ್ಣಿಗೆ ಒಂಟಿ ಚಪ್ಪಲಿ ಬಿದ್ರೂ ಅದಕ್ಕೊಂದು ಜೋಡಿ ಹುಡುಕ್ತೀಯ" ಎಂದು ನಮ್ಮ ಯಜಮಾನರು ರೇಗಿಸುವುದುಂಟು. ಇಂಥ ನಾನು ಕತಾರಿಗೆ ಹೋಗಿ, ಅಲ್ಲೂ ಒಂದು ಸಂಬಂಧಕ್ಕೆ ಕೈಹಾಕಿ, ಇನ್ನೇನು ಕೈ ಸುಟ್ಟುಕೊಳ್ಳುವುದರಲ್ಲಿದ್ದೆ.

ತಂಗಿ ಶೈಲಜಾ ದೋಹಾದ ಅಲ್ ಹಿಲಾಲ್ ಬಡಾವಣೆಯಲ್ಲಿದ್ದಾಳೆ. ಮದುವೆಯಾಗಿ ಅಲ್ಲಿಗೆ ಹೋದಮೇಲೆ ಅವಳ ಮನೆಯಲ್ಲಿ ಗೊಂಬೆ ಕೂರಿಸಿದ್ದೇ ಇಲ್ಲ. ಈ ಸಲ ಹಬ್ಬಕ್ಕೆ ಅಲ್ಲಿಗೇ ಬಾ ಎಂದು ಹಟ ಹಿಡಿದಳು. ನಮ್ಮಮ್ಮನ ಪಟ್ಟದ ಗೊಂಬೆಗಳು ನನ್ನ ಬಳಿ ಇದ್ದವು. ಮರದ ರಾಜ, ಮರದ ರಾಣಿ. ಮೇಲಿನ ಮೆಟ್ಟಿಲಲ್ಲಿ ಆ ಇಬ್ಬರು ಜೊತೆಯಾಗಿ ಕೂತರೇ ಹಬ್ಬ ಶುರು. ಗಂಡನ ಮನೆಯಿಂದ ಬಂದ ಇನ್ನೊಂದು ಜೋಡಿ ನನಗಿದೆಯಲ್ಲ, ಅಮ್ಮನದು ಶೈಲಾಗೆ ಸೇರಲಿ ಎಂದುಕೊಂಡು ಕಟ್ಟಿಕೊಂಡು ಹೊರಟೆ.

ಕಟ್ಟಿಕೊಳ್ಳುವಾಗಲೇ ಎಡವಟ್ಟು ಮಾಡಿದ್ದೆ. ಕೈಚೀಲದಲ್ಲಿ ಕೋಡುಬಳೆ ಡಬ್ಬಿ ತುಂಬಿ, ರಾಜನನ್ನು ತುರುಕಿದ ಮೇಲೆ ರಾಣಿಗೆ ಜಾಗ ಉಳಿಯಲಿಲ್ಲ. ಅವಳನ್ನು ಸೂಟ್‌ಕೇಸಿನಲ್ಲಿ ಸಾರಿನ ಪುಡಿಯ ಪಕ್ಕ ಮಲಗಿಸಿದೆ. ಮುಂಬೈಯಲ್ಲಿ ವಿಮಾನ ಬದಲಾಯಿಸಿ ದೋಹಾದಲ್ಲಿ ಇಳಿದರೆ ನಾನು ಬಂದಿದ್ದೆ, ರಾಜ ಬಂದಿದ್ದ, ಸೂಟ್‌ಕೇಸ್ ಬಂದಿರಲಿಲ್ಲ. ಸುತ್ತುವ ಪಟ್ಟಿಯ ಮೇಲಿನ ಪೆಟ್ಟಿಗೆಗಳನ್ನು ಒಬ್ಬೊಬ್ಬರೇ ಎತ್ತಿಕೊಂಡು ಹೋದರು. ಪಟ್ಟಿ ಬರಿದಾಗಿ ಸುತ್ತುವುದನ್ನು ನೋಡುತ್ತ ನಾನೊಬ್ಬಳೇ ಉಳಿದೆ.

ದೂರು ಬರೆದುಕೊಂಡ ಹುಡುಗಿ ಕೇರಳದವಳು, ಮುಖದಲ್ಲಿ ನಗು ಮಾಸದವಳು. ಬೆಲೆಬಾಳುವಂಥದ್ದು ಏನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿದಳು. "ಒಬ್ಬಳು ರಾಣಿ ಇದ್ದಾಳೆ" ಅಂದೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಕೈಚೀಲದಿಂದ ರಾಜನನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿ, "ಇವನ ಹೆಂಡತಿ" ಎಂದು ವಿವರಿಸಿದೆ. ಸಿಕ್ಕ ಕೂಡಲೇ ಮನೆಗೆ ತಲುಪಿಸುತ್ತೇವೆ ಎಂದು ಆ ಹುಡುಗಿ ನನಗೆ ಹೇಳದೆ ರಾಜನ ಮುಖ ನೋಡಿ ಹೇಳಿದಳು.

ಅಲ್ ಹಿಲಾಲ್

ಶೈಲಾಳ ಗಂಡ ಪ್ರಸನ್ನ ಲುಸೈಲ್‌ನ ಒಂದು ಆಫೀಸಿನಲ್ಲಿ ಎಂಜಿನಿಯರು. ಮಾತು ಕಡಿಮೆ, ಊಟ ಹಿತ, ದುಶ್ಚಟ ಒಂದೂ ಇಲ್ಲ. ಇರುವುದು ಒಂದೇ ಹುಚ್ಚು. ಯುರೋಪಿನವರು ಮುನ್ನೂರು ನಾನೂರು ವರ್ಷದ ಹಿಂದೆ ಮನೆಯಲ್ಲಿ ಬಳಸುತ್ತಿದ್ದ, ಕೈಯಲ್ಲಿ ಮಾಡಿದ ಸಾಮಾನು ಕಂಡರೆ ಅವರಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಹಿಂದೊಮ್ಮೆ ತರಬೇತಿಗೆಂದು ಹಾಲೆಂಡಿಗೆ ಹೋದವರು ಸಂತೆಯಲ್ಲಿ ಒಂದು ಹಳೇ ಚಮಚ ಕೊಂಡರಂತೆ. ಅಲ್ಲಿಂದ ಹತ್ತಿದ್ದು ಇದು. ದೋಹಾ ಬಿಟ್ಟು ಊರಿಗೆ ಮರಳುವ ಯುರೋಪಿನವರು ಮನೆ ಖಾಲಿ ಮಾಡುವಾಗ ಇವರು ಅಲ್ಲಿ ಹಾಜರ್.

ಮನೆ ಹೊಕ್ಕರೆ ವರಾಂಡದಿಂದಲೇ ಸಾಮಾನು. ತವರದ ತಟ್ಟೆಗಳು, ಬೆಣ್ಣೆಗೆ ಹೂವಿನ ಅಚ್ಚೊತ್ತುವ ಮರದ ಮುದ್ರೆ, ಗೋಡೆಗೆ ತೂಗುಹಾಕುವ ಉಪ್ಪಿನ ಪೆಟ್ಟಿಗೆ. ಬಿಳಿ ಹಂಚಿನ ಬಿಲ್ಲೆಗಳ ಮೇಲೆ ನೀಲಿ ಬಣ್ಣದಲ್ಲಿ ಬುಗುರಿ ಆಡುವ ಮಕ್ಕಳು. ನಮ್ಮ ಹುಡುಗರ ಹಾಗೇ ನಾಲಿಗೆ ಕಚ್ಚಿಕೊಂಡು ಬುಗುರಿ ಬೀಸುತ್ತಿದ್ದಾರೆ. ಜಾಯಿಕಾಯಿ ತುರಿಯಲು ಹೆಬ್ಬೆರಳಿನಷ್ಟೇ ದೊಡ್ಡ ಬೆಳ್ಳಿ ತುರಿಮಣೆ. ದೊಡ್ಡ ಮನುಷ್ಯರು ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಊಟಕ್ಕೆ ಹೋಗುತ್ತಿದ್ದರಂತೆ. ನಮ್ಮಜ್ಜಿ ಕೂಸಿಗೆ ಜಾಯಿಕಾಯಿ ತೇಯುತ್ತಿದ್ದ ಕಲ್ಲು ನೆನಪಾಗಿ, ಸಂಬಾರ ಸಾಮಾನಿಗಾಗಿ ಅಷ್ಟೊಂದು ಹಡಗು ಕಟ್ಟಿಕೊಂಡು ಬಂದವರ ಆಸೆ ಇಷ್ಟು ಪುಟ್ಟದರಲ್ಲಿ ಹಿಡಿಯಿತೇ ಅನ್ನಿಸಿತು.

ಮೂಲೆಯಲ್ಲಿ ಆಳುದ್ದದ ಹಿಡಿಯ ಒಂದು ಹಿತ್ತಾಳೆ ಬಾಣಲೆ ನಿಂತಿತ್ತು. ಮುಚ್ಚಳವೂ ಇತ್ತು. ಅದರೊಳಗೆ ಕೆಂಡ ತುಂಬಿ, ಮಲಗುವ ಮುಂಚೆ ಹಾಸಿಗೆಯೊಳಗೆ ಆಡಿಸಿ ಬೆಚ್ಚಗೆ ಮಾಡುವುದಂತೆ. ಹೊರಗೆ ಬಾಗಿಲು ತೆರೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಿಸಿ ರಾಚುವ ಊರಿನಲ್ಲಿ ಹಾಸಿಗೆ ಕಾಯಿಸುವ ಬಾಣಲೆ. ನಾನು ನಕ್ಕಿದ್ದಕ್ಕೆ ಪ್ರಸನ್ನ ಬೇಸರಪಡಲಿಲ್ಲ, ಎಲ್ಲರೂ ಅದಕ್ಕೇ ನಗುತ್ತಾರಂತೆ.

"ನಂದೊಂದೇ ಕಂಡಿಷನ್ ಅಕ್ಕ" ಎಂದಳು ಶೈಲಾ. "ಹಾಲ್‌ನಲ್ಲಿ ಏನು ಬೇಕಾದ್ರೂ ಇಟ್ಕೊಳ್ಲಿ. ಯಾರ್ಯಾರು ಏನೇನು ಬೇಯಿಸಿ ತಿಂದ ಪಾತ್ರೆಗಳೋ. ಅಡುಗೆಮನೆ ಹೊಸ್ತಿಲು ದಾಟಿದ್ರೆ ಖಲಾಸ್."

ಗಾಜಿನ ಕಪಾಟಿನ ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ, ಗೇಣುದ್ದದ ಹಿತ್ತಾಳೆಯ ಮನುಷ್ಯನೊಬ್ಬ ನಿಂತಿದ್ದ. ಗುಂಡಿ ಹಾಕಿದ ಅಂಗಿ, ತಲೆಗೆ ಟೊಪ್ಪಿ, ಬಲಗೈ ಎತ್ತಿ ಮೇಣದ ಬತ್ತಿ ನಿಲ್ಲಿಸುವ ಬಟ್ಟಲು ಹಿಡಿದಿದ್ದಾನೆ. ನಮ್ಮ ಕಡೆ ದೀಪದ ಮಲ್ಲಿ ಇರುತ್ತಾಳಲ್ಲ, ಹಾಗೆಯೇ. ನಾನು ಅವನಿಗೆ ಅಲ್ಲೇ ಮಲ್ಲಣ್ಣ ಎಂದು ಹೆಸರಿಟ್ಟೆ. ಆದರೆ ಅವನ ಎಡಗೈ ಮಾತ್ರ ವಿಚಿತ್ರವಾಗಿತ್ತು. ಪಕ್ಕಕ್ಕೆ ಚಾಚಿ, ಅಂಗೈ ತೆರೆದು, ಏನನ್ನೋ ಕೇಳುತ್ತಿರುವಂತೆ ನಿಂತಿದ್ದ.

ಆ ಕೈಯಲ್ಲಿ ಏನಿತ್ತು ಎಂದು ಕೇಳಿದೆ. ಪ್ರಸನ್ನರ ಮುಖ ಸಣ್ಣದಾಯಿತು. ಫೋನ್ ತೆಗೆದು ಒಂದು ಚಿತ್ರ ತೋರಿಸಿದರು. ಅದೇ ಎತ್ತರದ ಹಿತ್ತಾಳೆ ಹೆಂಗಸು. ಎಡಗೈಯಲ್ಲಿ ಬತ್ತಿಯ ಬಟ್ಟಲು, ಚಾಚಿದ ಬಲಗೈ ಖಾಲಿ. "ಇವಳು ದುಖಾನ್ ರಸ್ತೇಲಿ ಅಬು ರಾಶಿದ್ ಅವರ ತೋಟದ ಮನೇಲಿದ್ದಾಳೆ ಅತ್ತಿಗೆ. ಒಂದೇ ಕಾರ್ಖಾನೇದು ಅಂತ ನನಗೆ ಗ್ಯಾರಂಟಿ. ಅವರು ಕೊಡಲ್ಲ."

ಕಥೆ ಇಷ್ಟೇ. ಅಬು ರಾಶಿದ್ ಕತಾರಿನ ಹಿರಿಯರು, ತೈಲ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಅವರಿಗೂ ಇದೇ ಹುಚ್ಚು. ಇಬ್ಬರೂ ವರ್ಷಗಳಿಂದ ಸ್ನೇಹಿತರು. ಭೇಟಿಯಾದಾಗಲೆಲ್ಲ ಇವರು ಹೆಣ್ಣನ್ನು ಕೇಳುತ್ತಾರೆ, ಅವರು ಗಂಡನ್ನು ಕೇಳುತ್ತಾರೆ, ಇಬ್ಬರೂ ಕಾಫಿ ಕುಡಿದು ಎದ್ದು ಬರುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಒಮ್ಮೆಯಾದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾರೋ ಎಂದರೆ ಅದೂ ಇಲ್ಲ. ಬೇರೆಯವರ ಮನೆಗೆ ಒಯ್ದರೆ ವಾಪಸು ಬಾರದು ಎಂಬ ಭಯ ಇಬ್ಬರಿಗೂ ಇತ್ತು.

ಮಲ್ಲಣ್ಣನ ಬರಿಗೈ ನೋಡುತ್ತ ನನಗೆ ಆ ದಿನ ಊಟ ಸೇರಲಿಲ್ಲ.

ದುಖಾನ್ ದಾರಿ

ಶುಕ್ರವಾರ ರಜ. ನನ್ನನ್ನೂ ಅಬು ರಾಶಿದ್ ಅವರಲ್ಲಿಗೆ ಕರೆದುಕೊಂಡು ಹೋಗಿ ಎಂದು ಪ್ರಸನ್ನರಿಗೆ ದುಂಬಾಲು ಬಿದ್ದೆ. ದುಖಾನ್ ಪಶ್ಚಿಮ ತೀರದ ತೈಲದ ಊರು. ದಾರಿ ಗೆರೆ ಎಳೆದಷ್ಟು ನೇರ. ನಂಜನಗೂಡಿಗೆ ಹೋಗುವಾಗ ನಾನು ಮರಗಳನ್ನು ನೋಡಿ ಅರ್ಧ ದಾರಿ ಬಂತು, ಮುಕ್ಕಾಲು ಬಂತು ಎಂದು ಲೆಕ್ಕ ಹಾಕುವವಳು. ಇಲ್ಲಿ ಲೆಕ್ಕಕ್ಕೆ ಹಿಡಿಯಲು ಏನೂ ಇರಲಿಲ್ಲ. ಒಂದು ಕಡೆ ಒಂಟೆಗಳು ಬೇಲಿಯ ಹಿಂದೆ ನಿಂತು, ಮದುವೆಮನೆಯಲ್ಲಿ ಊಟ ತಡವಾದ ಬೀಗರಂತೆ ಮುಖ ಊದಿಸಿಕೊಂಡಿದ್ದವು.

ದಾರಿಯಲ್ಲಿ ಪ್ರಸನ್ನ ಒಂದು ಮಾತು ಹೇಳಿದರು. ಅಬು ರಾಶಿದ್ ಎಂದರೆ ರಾಶಿದನ ಅಪ್ಪ ಎಂದಂತೆ. ಹಿರಿಮಗನ ಹೆಸರು ಹಿಡಿದು ಅಪ್ಪನನ್ನು ಕರೆಯುವುದು ಅಲ್ಲಿಯ ಮರ್ಯಾದೆ. ನಮ್ಮ ವಠಾರದಲ್ಲಿ ನಾನು ಎಷ್ಟೋ ವರ್ಷ 'ಪುಟ್ಟುವಿನ ಅಮ್ಮ'ನೇ ಆಗಿದ್ದೆನಾದ್ದರಿಂದ ನನಗಿದು ಹೊಸದೆನಿಸಲಿಲ್ಲ.

ಅವರು ಬಾಗಿಲಿಗೇ ಬಂದು ಸ್ವಾಗತಿಸಿದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಬಿಳಿ ಗಡ್ಡ. ಮಾತಾಡಿದ್ದು ಹಿಂದಿ, ಅದೂ ಮುಂಬೈ ಹಿಂದಿ. ಅವರ ತಂದೆಗೆ ಮುಂಬೈಯಲ್ಲಿ ಅಂಗಡಿ ಇತ್ತಂತೆ, ಬಾಲ್ಯದ ಕೆಲವು ವರ್ಷ ಅಲ್ಲೇ ಕಳೆದರಂತೆ. ನನ್ನ ಹಿಂದಿ ಅಷ್ಟಕ್ಕಷ್ಟೆ. ಆದರೂ ಅವರ ಹಿಂದಿ ಕೇಳಿದ ಮೇಲೆ ನನಗೆ ಧೈರ್ಯ ಬಂತು.

ಅತಿಥಿಗಳ ಕೋಣೆಯಲ್ಲಿ ಗೋಡೆಗೊರಗಿದ ದಿಂಬುಗಳು, ಗೂಡುಗಳಲ್ಲಿ ಅವರ ಸಂಗ್ರಹ. ಬತ್ತಿಯ ಕುಡಿ ಕತ್ತರಿಸುವ ಕತ್ತರಿ, ಒಂದೇ ಮುಳ್ಳಿನ ಗಡಿಯಾರ, ಹಿತ್ತಾಳೆಯ ನಶ್ಯದ ಡಬ್ಬಿ. ಮೊದಲು ಕಾಫಿ ಬಂತು. ಹಿಡಿ ಇಲ್ಲದ ಪುಟ್ಟ ಬಟ್ಟಲು, ಏಲಕ್ಕಿ ಪರಿಮಳದ ತಿಳಿ ಕಾಫಿ. ನಾನು ಹುಟ್ಟಿದಾಗಿನಿಂದ ಲೋಟಕ್ಕೆ ತುಟಿ ತಾಗಿಸಿದವಳಲ್ಲ. ಯೋಚಿಸದೆ ಬಟ್ಟಲನ್ನು ಮೇಲೆತ್ತಿ ಬಾಯಿಗೆ ಸುರಿದುಕೊಂಡೆ. ಕಾಫಿ ಕೆಂಡದಷ್ಟು ಬಿಸಿ, ಬಟ್ಟಲಿಗೆ ಅಂಚೂ ಇಲ್ಲ. ಅರ್ಧ ಗಂಟಲಿಗೆ ಹೋಯಿತು, ಅರ್ಧ ಶೈಲಾಳಿಂದ ಇಸಕೊಂಡ ರೇಷ್ಮೆ ಸೀರೆಗೆ. ಪ್ರಸನ್ನ ಕಣ್ಣು ಮುಚ್ಚಿಕೊಂಡರು.

ಅಬು ರಾಶಿದ್ ಮಾತ್ರ ಮಗುವಿನಂತೆ ಖುಷಿಪಟ್ಟರು. ಮುಂಬೈಯಲ್ಲಿ ಅವರ ಪಕ್ಕದ ಮನೆಯ ಅಮ್ಮ ಹೀಗೇ ಎತ್ತಿ ಕುಡಿಯುತ್ತಿದ್ದರಂತೆ. ಇವರೂ ಕಲಿಯಲು ಹೋಗಿ ದಿನಾ ಅಂಗಿ ಒದ್ದೆ ಮಾಡಿಕೊಳ್ಳುತ್ತಿದ್ದರಂತೆ. ಆಕೆ ಹಬ್ಬಕ್ಕೆ ಲಾಡು ಮಾಡಿದರೆ ಮೊದಲ ತಟ್ಟೆ ಇವರ ಮನೆಗೆ. ಹೇಳುತ್ತಾ ಅವರ ದನಿ ಮೆತ್ತಗಾಯಿತು.

ಆಮೇಲೆ ಅವಳನ್ನು ನೋಡಿದೆ. ಕಿಟಕಿಯ ಪಕ್ಕದ ಗೂಡಿನಲ್ಲಿ ಒಬ್ಬಳೇ ನಿಂತಿದ್ದಳು. ನೆರಿಗೆಯ ಲಂಗ, ತಲೆಗೆ ಬಟ್ಟೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಮ್ಮತ್ತೆಯ ಸೊಂಟದಲ್ಲಿ ಇದ್ದಂಥದೇ ಗೊಂಚಲು. ಯಾರೂ ಉಜ್ಜದೆ ಮೈಯೆಲ್ಲ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣವೇ ಅವಳ ವಯಸ್ಸಿನ ಸಾಕ್ಷಿ, ಉಜ್ಜಿದರೆ ನಾನೂರು ವರ್ಷ ಒಂದು ನಿಮಿಷದಲ್ಲಿ ಹೋಗುತ್ತದೆ ಎಂದು ಅವರು ತಿಳಿಸಿಕೊಟ್ಟರು. ವಾರಕ್ಕೊಮ್ಮೆ ಹಳೇ ಮಸ್ಲಿನ್ ಬಟ್ಟೆಯಲ್ಲಿ ಧೂಳು ತೆಗೆಯುತ್ತಾರೆ, ಅದೂ ಸ್ವಂತ ಕೈಯಲ್ಲಿ. ಮಕ್ಕಳಿಗೂ ಮುಟ್ಟಲು ಬಿಡುವುದಿಲ್ಲ.

ನನಗೆ ತಡೆಯಲಾಗಲಿಲ್ಲ. ಗಂಡಿನ ಕಡೆಯಿಂದ ಮಾತಾಡಲು ಬಂದಿದ್ದೇನೆ, ನಿಮ್ಮ ಹುಡುಗಿಯನ್ನು ನಮ್ಮ ಹುಡುಗನಿಗೆ ಕೊಡಿ ಎಂದೆ. ಅವರು ಗಡ್ಡ ಸವರಿಕೊಂಡು, ಅಷ್ಟೇ ಗಂಭೀರವಾಗಿ, ಹುಡುಗನೇ ಬಂದು ನಮ್ಮ ಮನೆಯಲ್ಲಿ ಇರಲಿ ಎಂದರು. ಮನೆ ಅಳಿಯನಾಗಲು ನಮ್ಮ ಮಲ್ಲಣ್ಣ ಒಪ್ಪುವುದಿಲ್ಲ ಎಂದು ಪ್ರಸನ್ನ. ಸಂಬಂಧ ಅಲ್ಲಿಗೇ ನಿಂತಿತು.

ಹೊರಡುವಾಗ ನಮ್ಮ ಹಬ್ಬದ ಮಾತು ಬಂತು. ಗೊಂಬೆಗಳ ಹಬ್ಬವೆಂದರೇನು, ಮನೆಗೆ ಬಂದವರಿಗೆಲ್ಲ ತಿಂಡಿ ಯಾಕೆ, ರಾಜ ಒಬ್ಬನೇ ಬಂದು ರಾಣಿ ಹೇಗೆ ಕಳೆದುಹೋದಳು ಎಂಬುದನ್ನೆಲ್ಲ ಹೇಳಿದೆ. ಅವು ನಮ್ಮಮ್ಮನ ಗೊಂಬೆಗಳು ಎಂದೂ ಹೇಳಿದೆ. ಜೋಡಿ ಇಲ್ಲದೆ ಹಬ್ಬ ಶುರು ಮಾಡುವ ಹಾಗಿಲ್ಲ ಅಂದೆ.

ಪಾಡ್ಯ

ಹಬ್ಬದ ಮೊದಲ ದಿನ ಬೆಳಗಾಯಿತು. ಸೂಟ್‌ಕೇಸಿನ ಸುದ್ದಿ ಇಲ್ಲ. ಹಾಲಿನಲ್ಲಿ ಮೆಟ್ಟಿಲು ಕಟ್ಟಿ ಬಿಳಿ ಪಂಚೆ ಹಾಸಿದ್ದೆವು. ಹಿಂದೊಮ್ಮೆ ಊರಿನಿಂದ ತಂದಿಟ್ಟಿದ್ದ ಸಣ್ಣ ಗೊಂಬೆಗಳು ಒಂದು ಮೆಟ್ಟಿಲಿಗೂ ಸಾಲದೆ, ಶೈಲಾ ಗಂಡನ ಸಾಮಾನುಗಳನ್ನೇ ಜೋಡಿಸಿಬಿಟ್ಟಿದ್ದಳು. ಶೆಟ್ಟರ ಅಂಗಡಿಯ ಗೊಂಬೆಯ ಮುಂದೆ ಯುರೋಪಿನ ತಕ್ಕಡಿ, ಬೆಣ್ಣೆ ಕೃಷ್ಣನ ಪಕ್ಕ ಬೆಣ್ಣೆಯ ಅಚ್ಚು. ಮೇಲಿನ ಮೆಟ್ಟಿಲು ಮಾತ್ರ ಖಾಲಿ. ರಾಜ ಕೆಳಗೆ ಕೂತು, ಹೆಂಡತಿ ತವರಿಗೆ ಹೋದ ಗಂಡಸಿನಂತೆ ಪೆಚ್ಚಾಗಿದ್ದ.

ಆಗ ಬಾಗಿಲ ಗಂಟೆ ಸದ್ದಾಯಿತು. ಅಬು ರಾಶಿದ್ ನಿಂತಿದ್ದರು. ದುಖಾನ್ ರಸ್ತೆಯಿಂದ ಅಷ್ಟು ದೂರ ತಾವೇ ಕಾರು ನಡೆಸಿಕೊಂಡು ಬಂದಿದ್ದರು. ಎದೆಗವಚಿಕೊಂಡ ಬಟ್ಟೆಯ ಗಂಟು ಬಿಚ್ಚಿದರೆ ಒಳಗೆ ಅವಳು. ತಾವು ತಲೆಗೆ ಹಾಕುವ ಬಟ್ಟೆಯಲ್ಲೇ ಸುತ್ತಿ ತಂದಿದ್ದರು.

ನಿಮ್ಮ ರಾಣಿ ಸಿಗುವವರೆಗೆ ಇವಳು ಕೂರಲಿ, ಹಬ್ಬ ಮುಗಿದ ಮೇಲೆ ಬಂದು ಕರೆದೊಯ್ಯುತ್ತೇನೆ ಎಂದರು. ನಿಮ್ಮ ಪೂಜೆ ನನಗೆ ಗೊತ್ತಿಲ್ಲ, ಅಮ್ಮನ ಗೊಂಬೆ ಎಂದರೆ ಏನೆಂದು ಗೊತ್ತು ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ಬೆಹೆನ್‌ಜೀ, ಎರಡೇ ಮಾತು. ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ" ಅಂದರು. ನಾನು ನನ್ನ ಮೊಮ್ಮಗಳ ಮೇಲೆ ಆಣೆ ಇಟ್ಟೆ.

ಪ್ರಸನ್ನ ಮಲ್ಲಣ್ಣನನ್ನು ಕಪಾಟಿನಿಂದ ಇಳಿಸಿದರು. ಮರದ ರಾಜನ ಪಕ್ಕ ಬೇರೆಯವನ ಹೆಂಡತಿಯನ್ನು ಕೂರಿಸುವಂತಿಲ್ಲವಲ್ಲ, ಈ ಸಲ ಮಲ್ಲಣ್ಣನಿಗೇ ಪಟ್ಟ ಎಂದು ನಾನು ತೀರ್ಪು ಕೊಟ್ಟಿದ್ದೆ. ಮೇಲಿನ ಮೆಟ್ಟಿಲಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರನ್ನು ನಿಲ್ಲಿಸಿ, ಮೆಲ್ಲಗೆ ಹತ್ತಿರ ಸರಿಸಿದರು. ಚಾಚಿದ ಅವನ ಎಡಗೈ, ಚಾಚಿದ ಅವಳ ಬಲಗೈ. ಅಂಗೈ ಮೇಲೆ ಅಂಗೈ ಬಂದು ಕೂತಿತು. ನಮ್ಮಲ್ಲಿ ಇದನ್ನೇ ಪಾಣಿಗ್ರಹಣ ಅನ್ನುವುದು. ಹುಟ್ಟಿದಾಗಿನಿಂದ ಇವರು ಇದೇ ಜೋಡಿಯೋ ಅಥವಾ ಅಚ್ಚು ಒಂದೇ ಆಗಿ ಬೇರೆ ಬೇರೆ ಮನೆಯವರೋ ದೇವರಿಗೇ ಗೊತ್ತು. ಜಾತಕ ಮಾತ್ರ ಕೂಡಿತ್ತು. ನನಗೆ ಅಳು ಬಂತು, ಶೈಲಾಗೆ ನಗು ಬಂತು.

ಅವರು ಹೋದಮೇಲೆ ಆರತಿ ಎತ್ತಿ ಹಬ್ಬ ಶುರುಮಾಡಿದೆ. ಉಜ್ಜಲಿಲ್ಲ, ಎಣ್ಣೆ ಹಚ್ಚಲಿಲ್ಲ.

ಅಲ್ಲಿಂದ ಸಂಜೆ ಸಂಜೆ ಮನೆತುಂಬ ಜನ. ಬೆಂಗಳೂರಿನವರು, ಮೈಸೂರಿನವರು, ಮೇಲಿನ ಮನೆಯ ಮಂಗಳೂರಿನವರು. ತುಳು, ಕನ್ನಡ, ಇಂಗ್ಲಿಷ್ ಎಲ್ಲ ಒಂದೇ ತಟ್ಟೆಯ ಕಡಲೆ ಉಸಲಿ ತಿಂದವು. ಶೈಲಾಳ ಮಗಳು ಸಿರಿ ತನ್ನ ಅರೆಬೆಂದ ಕನ್ನಡದಲ್ಲಿ "ಇವರು ಲೋನ್ ಮೇಲೆ ಬಂದಿರೋ ರಾಣಿ" ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟಳು. ಹಬ್ಬದ ನಡುವೆ ಸೂಟ್‌ಕೇಸೂ ಬಂತು. ನಮ್ಮ ರಾಣಿ ಮೈಯೆಲ್ಲ ಸಾರಿನ ಪುಡಿಯ ವಾಸನೆಯೊಂದಿಗೆ ರಾಜನ ಪಕ್ಕ ಕೂತಳು. ಅಷ್ಟು ಸಂತೋಷದ ನವರಾತ್ರಿ ನಾನು ಕಂಡಿಲ್ಲ.

ಲುಸೈಲ್

ನವಮಿಯ ಬೆಳಿಗ್ಗೆ ಹಳೇ ಹೂವು ತೆಗೆಯುತ್ತಿದ್ದೆ. ಹಿತ್ತಾಳೆ ಹೆಂಗಸಿನ ಹಣೆಗೆ ಒಂದು ಎಸಳು ಅಂಟಿತ್ತು. ಎಳೆದೆ. ಅದರ ಜೊತೆ ಹಣೆಯ ಕುಂಕುಮವೂ ಬಂತು. ಕುಂಕುಮದ ಕೆಳಗೆ ಕಂದು ಬಣ್ಣ ಹೋಗಿ, ಹೊಸ ತಾಮ್ರದಂತೆ ಕೆಂಪಗೆ ಹೊಳೆಯುವ ಒಂದು ಚುಕ್ಕೆ ಉಳಿದಿತ್ತು.

ಪಾಡ್ಯದ ದಿನ ಆರತಿಗೆ ಮುಂಚೆ ನಾನೇ ಎಲ್ಲ ಗೊಂಬೆಗಳಿಗೂ ಕುಂಕುಮ ಇಟ್ಟಿದ್ದೆ. ಮನೆಯಲ್ಲೇ ನಿಂಬೆರಸ ಹಾಕಿ ಮಾಡಿದ ಕುಂಕುಮ, ನೀರಿನಲ್ಲಿ ಕಲಸಿದ್ದು. ಅವರು ಉಜ್ಜಬೇಡಿ ಎಂದದ್ದು ನೆನಪಿತ್ತು, ಎಣ್ಣೆ ಬೇಡ ಎಂದದ್ದೂ ನೆನಪಿತ್ತು. ಕುಂಕುಮ ಇಡುವುದು ಒಂದು ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ. ಎದುರಿಗೆ ಹೆಣ್ಣು ಕೂತಿದ್ದರೆ ನನ್ನ ಬೆರಳು ಕುಂಕುಮದ ಬಟ್ಟಲಿಗೆ ತಾನಾಗಿ ಹೋಗುತ್ತದೆ. ಮಲ್ಲಣ್ಣನಿಗೆ ಗಂಧ ಇಟ್ಟಿದ್ದೆ, ಅವನಿಗೆ ಏನೂ ಆಗಿರಲಿಲ್ಲ.

ಪ್ರಸನ್ನ ಭೂತಗನ್ನಡಿ ಹಿಡಿದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶೈಲಾ ದಾರಿ ಹುಡುಕಿದಳು. ತಲೆಗೆ ಹೂವಿನ ದಂಡೆ ಕಟ್ಟಿ ಹಣೆ ಮುಚ್ಚಿ ಕೊಟ್ಟುಬಿಡೋಣ, ಅವರು ಮನೆಗೆ ಹೋಗಿ ನೋಡಿಕೊಳ್ಳುವಷ್ಟರಲ್ಲಿ ನೀನು ಮೈಸೂರಲ್ಲಿ ಇರ್ತೀಯ ಎಂದಳು. ನಾನು ಇನ್ನೊಂದು ದಾರಿ ಯೋಚಿಸುತ್ತಿದ್ದೆ. ಮೈಗೆಲ್ಲ ಸ್ವಲ್ಪ ಹುಣಸೆಹಣ್ಣು ಹಚ್ಚಿದರೆ ಎಲ್ಲ ಒಂದೇ ಬಣ್ಣವಾಗುತ್ತದಲ್ಲ.

"ಅತ್ತಿಗೆ, ನೀವು ನನ್ ಜೊತೆ ಆಫೀಸಿಗೆ ಬನ್ನಿ" ಎಂದರು ಪ್ರಸನ್ನ. "ಮನೇಲಿದ್ರೆ ಹುಣಸೆಹಣ್ಣು ನೆನೆಹಾಕ್ತೀರ."

ಹಾಗೆ ಲುಸೈಲ್ ನೋಡಿದೆ. ಹೊಸ ಊರು. ಗಾಜಿನ ಕಟ್ಟಡಗಳು ಅಂಗಡಿಯಿಂದ ಆಗತಾನೇ ತಂದ ಸ್ಟೀಲ್ ಪಾತ್ರೆಗಳಂತೆ ಹೊಳೆಯುತ್ತಿದ್ದವು, ಹೆಸರು ಕೆತ್ತಿಸುವುದೊಂದೇ ಬಾಕಿ. ಬೇರೆ ದಿನವಾಗಿದ್ದರೆ ಬಾಯಿ ಬಿಟ್ಟು ನೋಡುತ್ತಿದ್ದೆ. ಅಂದು ಆಫೀಸಿನ ಕೆಳಗಿನ ಸೋಫಾದಲ್ಲಿ ಕೂತು, ಹೊಳೆಯುವುದು ಯಾವುದು ಕಂಡರೂ ಆ ಚುಕ್ಕೆಯನ್ನೇ ಕಾಣುತ್ತಿದ್ದೆ. ಪ್ರಸನ್ನ ಹಳೇ ಲೋಹ ಬಲ್ಲ ಯಾರಿಗೋ ಫೋನ್ ಮಾಡಿ ಬಂದರು. ಮುಟ್ಟಬೇಡಿ, ಮುಟ್ಟಿದಷ್ಟೂ ಹೆಚ್ಚಾಗುತ್ತದೆ, ಹಳೇ ಬಣ್ಣ ಬರಲು ವರ್ಷಗಳು ಹಿಡಿಯುತ್ತವೆ ಎಂದರಂತೆ.

ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ಕಾರು ನಿಲ್ಲಿಸಿ ಚಿತ್ರಾನ್ನದ ಡಬ್ಬಿ ತೆರೆದೆವು. ಆಗ ಅವರು ಬಾಯಿ ಬಿಟ್ಟರು. "ಗೊಂಬೆ ಹೋದ್ರೆ ಹೋಗ್ಲಿ ಅತ್ತಿಗೆ. ಅವರು ಯಾರನ್ನೂ ನಂಬಿ ಒಂದು ಸಾಮಾನು ಹೊರಗೆ ಕೊಟ್ಟವರಲ್ಲ. ನನ್ನ ನಂಬಿ ಕೊಟ್ರು. ಇಲ್ಲಿ ನನಗೆ ಇರೋ ಒಬ್ರೇ ಸ್ನೇಹಿತರು ಅವರು."

ಈ ಮಿತಭಾಷಿ ಮನುಷ್ಯನಿಗೆ ಊರಲ್ಲದ ಊರಿನಲ್ಲಿ ಸಿಕ್ಕ ಒಂದು ಸ್ನೇಹ ನನ್ನ ಉಂಗುರದ ಬೆರಳಿಗೆ ಸಿಕ್ಕಿ ಕೆಡುವುದರಲ್ಲಿತ್ತು. ನಾಚಿಕೆ, ಸಂಕಟ ಎರಡೂ ಆಯಿತು. ಹೂವು ಬೇಡ, ಹುಣಸೆಹಣ್ಣೂ ಬೇಡ, ನಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದೆ. ಪ್ರಸನ್ನ ತಲೆಯಾಡಿಸಿ ಕಾರು ಶುರುಮಾಡಿದರು.

ವಿಜಯದಶಮಿ

ಸಂಜೆ ಅಬು ರಾಶಿದ್ ಬಂದರು. ಕೈಯಲ್ಲಿ ಅದೇ ತಲೆಯ ಬಟ್ಟೆ, ಮಡಿಸಿಟ್ಟಿದ್ದು. ನಮ್ಮ ರಾಣಿಯನ್ನು ನೋಡಿ, ಇವಳೇನಾ ಊರೆಲ್ಲ ಸುತ್ತಿ ಬಂದವಳು ಎಂದು ಕೇಳಿ ನಕ್ಕರು. ಕೂರಲು ಹೇಳಿದರೆ ಕೂರದೆ ನೇರ ಮೇಲಿನ ಮೆಟ್ಟಿಲ ಕಡೆ ನಡೆದರು.

ನಾನು ಅಡ್ಡ ನಿಂತೆ. ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಹಿಂದಿಯೆಲ್ಲ ಮರೆತುಹೋಯಿತು. "ಭಾಯಿಸಾಬ್, ಮೊದಲು ನನ್ನ ಮಾತು ಕೇಳಿ" ಎಂದು ಶುರುಮಾಡಿ, ಹಿಂದಿಯಲ್ಲಿ 'ಹಾಳಾಗಿದೆ' ಅನ್ನುವ ಮಾತು ಸಿಗದೆ, ಕನ್ನಡದಲ್ಲೇ ಹೇಳುತ್ತ ಹೋದೆ. ಶೈಲಾ ಹಿಂದಿಯಲ್ಲಿ ಹೇಳತೊಡಗಿದಳು. ನೀವು ಉಜ್ಜಬೇಡಿ ಅಂದಿರಿ, ಉಜ್ಜಲಿಲ್ಲ. ಎಣ್ಣೆ ಬೇಡ ಅಂದಿರಿ, ಹಚ್ಚಲಿಲ್ಲ. ಕುಂಕುಮ ಇಟ್ಟುಬಿಟ್ಟೆ. ಹೆಣ್ಣು ಮನೆಗೆ ಬಂದರೆ ಇಡುವುದು ನಮ್ಮ ಕೈಗೆ ರೂಢಿ. ಕಲೆ ಕೂತಿದೆ, ಹೋಗುವುದಿಲ್ಲವಂತೆ. ತಪ್ಪು ಪೂರ್ತಿ ನನ್ನದು, ಪ್ರಸನ್ನರಿಗೆ ಗೊತ್ತಿರಲಿಲ್ಲ. ಅಷ್ಟು ಹೇಳಿ ಪಕ್ಕಕ್ಕೆ ಸರಿದೆ.

ಅವರು ಕನ್ನಡಕ ಹಾಕಿಕೊಂಡರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಸಿರಿ ನನ್ನ ಸೀರೆ ಸೆರಗು ಹಿಡಿದುಕೊಂಡಳು. ಪ್ರಸನ್ನ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಅವರು ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಮುಂಬೈಯ ಪಕ್ಕದ ಮನೆಯ ಅಮ್ಮನಿಗೂ ಹಣೆಯಲ್ಲಿ ಇಲ್ಲೇ, ಇಷ್ಟೇ ದೊಡ್ಡದು ಇತ್ತು ಎಂದರು. ಇದು ಯಾಕೆ ಎಂದು ಚಿಕ್ಕವರಿದ್ದಾಗ ಒಮ್ಮೆ ಕೇಳಿದ್ದರಂತೆ. ನನ್ನ ಮನೆಯವರು ಇದ್ದಾರೆ ಅಂತ ಎಲ್ಲರಿಗೂ ಗೊತ್ತಾಗಲಿ ಅಂತ ಎಂದಿದ್ದರಂತೆ ಆಕೆ.

ಆಮೇಲೆ ಪ್ರಸನ್ನರ ಹೆಗಲ ಮೇಲೆ ಕೈ ಇಟ್ಟರು. "ಪ್ರಸನ್ನಾ, ಇಷ್ಟು ವರ್ಷ ನೀನು ಬಾಯಲ್ಲಿ ಕೇಳ್ತಾ ಇದ್ದೆ. ನಿನ್ನ ಅಕ್ಕ ಕೇಳದೆ ಮದುವೆ ಮಾಡಿಬಿಟ್ಟಿದ್ದಾರೆ. ಮದುವೆಯಾದ ಹುಡುಗಿಯನ್ನು ನಾನು ಹೇಗೆ ವಾಪಸು ಕರಕೊಂಡು ಹೋಗಲಿ?"

ಬೇಡ, ಇದು ಸರಿಯಲ್ಲ, ನಮ್ಮ ತಪ್ಪಿಗೆ ನೀವು ಕಳೆದುಕೊಳ್ಳುವಂತಿಲ್ಲ, ಮಲ್ಲಣ್ಣನನ್ನೂ ನೀವೇ ಒಯ್ಯಿರಿ, ಇಬ್ಬರೂ ನಿಮ್ಮಲ್ಲೇ ಇರಲಿ ಎಂದು ಪ್ರಸನ್ನ ತಡವರಿಸಿದರು. ಅಷ್ಟು ವರ್ಷ ಬಿಗಿ ಹಿಡಿದಿದ್ದವರು ಈಗ ಒಬ್ಬರಿಗಿಂತ ಒಬ್ಬರು ಮುಂದಾಗಿ ಕೊಡಲು ನಿಂತಿದ್ದರು. ಇದು ಬೆಳಗಾದರೂ ಮುಗಿಯುವ ಜಗಳವಲ್ಲ ಎಂದು ನನಗೆ ಗೊತ್ತಾಯಿತು. ಸಂಬಂಧ ಕುದುರಿಸುವವಳ ಅನುಭವ ಅಲ್ಲಿ ಕೆಲಸಕ್ಕೆ ಬಂತು. ನಮ್ಮಲ್ಲಿ ಹುಡುಗಿ ಗಂಡನ ಮನೆಯಲ್ಲಿ ಇರುತ್ತಾಳೆ, ತವರಿನವರು ಬಂದು ನೋಡಿಕೊಂಡು ಹೋಗುತ್ತಾರೆ, ಹಬ್ಬಹರಿದಿನಕ್ಕೆ ಅಳಿಯನ ಸಮೇತ ಕರೆಸಿಕೊಳ್ಳುತ್ತಾರೆ ಎಂದೆ. ನಿಮ್ಮ ಈದ್‌ಗೆ ಇಬ್ಬರನ್ನೂ ಕರೆಸಿಕೊಳ್ಳಿ ಎಂದೆ.

ಅಬು ರಾಶಿದ್ ಯೋಚಿಸಿದರು. ಹಾಗಾದರೆ ನಮ್ಮ ಪದ್ಧತಿಯೂ ಒಂದಿದೆ ಎಂದರು. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ಮೆಹರ್ ಕೊಡಬೇಕು. ಹೆಣ್ಣಿನ ಪರವಾಗಿ ನಾನೇ ಕೇಳುತ್ತೇನೆ. ಹೀಗೆಂದು ಅವರು ಮೂಲೆಯ ಕಡೆ ಬೆರಳು ತೋರಿಸಿದರು. ಅಲ್ಲಿ ನಿಂತಿದ್ದದ್ದು ಹಾಸಿಗೆ ಕಾಯಿಸುವ ಬಾಣಲೆ. ಅದರ ಮೇಲೂ ಅವರಿಗೆ ಕಣ್ಣಿತ್ತೆಂದು ಆಗ ಗೊತ್ತಾಯಿತು.

ಪ್ರಸನ್ನ ಕೂಡಲೇ ತಂದುಕೊಟ್ಟರು. "ಯಲ್ಲಾ, ಮಬ್ರೂಕ್" ಎಂದು ಹಾರೈಸಿ, ಅವರು ಶೈಲಾ ಕೊಟ್ಟ ಮೈಸೂರುಪಾಕಿನ ಡಬ್ಬಿಯನ್ನು ಆ ತಲೆಬಟ್ಟೆಯಲ್ಲಿ ಗಂಟುಕಟ್ಟಿದರು. ನಾವೆಲ್ಲ ಬಾಲ್ಕನಿಯಲ್ಲಿ ನಿಂತು ನೋಡಿದೆವು. ಸಂಜೆಯ ಬಿಸಿಗಾಳಿಯಲ್ಲಿ, ಬೆಳ್ಳನೆಯ ನಿಲುವಂಗಿಯ ಆ ಹಿರಿಯರು, ಬಾಣಲೆಯನ್ನು ಭೀಮನ ಗದೆಯಂತೆ ಹೆಗಲಿಗೇರಿಸಿಕೊಂಡು ಅಲ್ ಹಿಲಾಲ್‌ನ ರಸ್ತೆಯಲ್ಲಿ ಕಾರಿನ ಕಡೆ ಹೊರಟಿದ್ದರು. ಎದುರಾದವರೆಲ್ಲ ದಾರಿ ಬಿಟ್ಟರು. ಶೈಲಾ ನಗುತ್ತಾ ನಗುತ್ತಾ ಕೆಳಗೆ ಕೂತುಬಿಟ್ಟಳು.

ಹೊರಡುವ ಮುನ್ನ

ನಾನು ಹೊರಡುವ ದಿನವೂ ಶುಕ್ರವಾರವೇ ಆಗಿತ್ತು. ಅಮ್ಮನ ರಾಜ ರಾಣಿಯರನ್ನು ಹಳೇ ರೇಷ್ಮೆಯಲ್ಲಿ ಮುಖಕ್ಕೆ ಮುಖ ಮಾಡಿ ಸುತ್ತಿ, ಶೈಲಾಳ ಕಪಾಟಿನಲ್ಲಿ ಮಲಗಿಸಿದೆ. ಪಕ್ಕದ ಗಾಜಿನ ಕಪಾಟಿನಲ್ಲಿ ಮಲ್ಲಣ್ಣನೂ ಮಲ್ಲಿಯೂ ಕೈ ಹಿಡಿದು ನಿಂತಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆ. ನಾನು ಮೈಸೂರಿನಲ್ಲಿ ಮಾಡಿಸಿದ ಮದುವೆಗಳಿಗೆ ಎಷ್ಟು ಸುಳ್ಳು ಖರ್ಚಾಗಿದೆ ಎಂದು ಹೇಳುವುದಿಲ್ಲ. ಇದೊಂದು ಮದುವೆ ಮಾತ್ರ ನಿಜ ಹೇಳಿದ್ದರಿಂದ ಆದದ್ದು.

ಪೆಟ್ಟಿಗೆ ಕಟ್ಟುವ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ಅಬು ರಾಶಿದ್. ತವರಿನವರು ಬರಿಗೈಯಲ್ಲಿ ಬರಬಾರದು ಎಂದೂ ನಾನು ದಶಮಿಯ ದಿನ ಹೇಳಿಕೊಟ್ಟಿದ್ದೆ, ಅದಕ್ಕೆ ತೋಟದ ಖರ್ಜೂರದ ಡಬ್ಬಿ ತಂದಿದ್ದರು. ನನಗೆ ನಮಸ್ಕಾರ ಹೇಳಲಿಲ್ಲ, ಪ್ರಸನ್ನರ ಕೈ ಕುಲುಕಲಿಲ್ಲ. ನೇರ ಕಪಾಟಿನ ಮುಂದೆ ಹೋಗಿ ನಿಂತು, ಬಗ್ಗಿ, "ಖುಶ್ ಹೈ, ಬೇಟಿ?" ಎಂದು ಕೇಳಿದರು.

ಉತ್ತರ ಅವರಿಗೆ ಸಿಕ್ಕಿರಬೇಕು. ಸಮಾಧಾನವಾಗಿ ಬಂದು ಸೋಫಾದಲ್ಲಿ ಕೂತರು. ಶೈಲಾ ಲೋಟದಲ್ಲಿ ಫಿಲ್ಟರ್ ಕಾಫಿ ತಂದುಕೊಟ್ಟಳು. ಅವರು ನನ್ನ ಕಡೆ ಒಮ್ಮೆ ನೋಡಿ, ತಲೆ ಹಿಂದಕ್ಕೆ ವಾಲಿಸಿ, ಲೋಟವನ್ನು ತುಟಿಯಿಂದ ಗೇಣೆತ್ತರಕ್ಕೆ ಎತ್ತಿ ಸುರಿದುಕೊಂಡರು. ಅರ್ಧ ಕಾಫಿ ಬಾಯಿಗೆ ಹೋಯಿತು, ಅರ್ಧ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಇಳಿಯಿತು. ಶೈಲಾ ಒರೆಸಲು ಬಟ್ಟೆ ತರಲು ಓಡಿದಳು.

ಅವರು ಕೈಯಿಂದ ತಡೆದರು. "ಉಜ್ಜಬೇಡಿ" ಎಂದರು. "ಇರಲಿ."